ಸ್ಪ್ಯಾನರ್ ಬಿಟ್ಟು ಹೇಳಿದ ಕನಸು

ಆಗ ನನಗೆ ಅರವತ್ತೆರಡು. ಈಗ್ಗೆ ಒಂಬತ್ತು ವರ್ಷದ ಹಿಂದಿನ ಮಾತು. ಅರವತ್ತೆರಡು ಅಂದರೆ ಸುಳ್ಳು ಹೇಳುವುದನ್ನು ಬಿಟ್ಟಿರಬೇಕಾದ ವಯಸ್ಸು. ನಾನು ಆಗ ಶುರುಮಾಡಿದೆ. ಅದೂ ದೇವರ ಹೆಸರಿನಲ್ಲಿ, ಹನ್ನೆರಡು ಜನ ಹೆಂಗಸರ ಮುಂದೆ, ನನ್ನದೇ ಮನೆಯ ಚಾಪೆಯ ಮೇಲೆ ಮೊಣಕಾಲೂರಿ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಕಾರ್ಡು. ಹೋದ ಭಾನುವಾರ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಎಲ್ಲರ ಕೈಗೂ ಒಂದೊಂದು ದಪ್ಪ ಕಾರ್ಡು ಕೊಟ್ಟರು. ಮೇಲೆ ಪಾರಿವಾಳದ ಚಿತ್ರ. ಅದರ ಕೆಳಗೆ ‘ದೇವರು ನಿಮಗೆ ಕೊಟ್ಟ ಕನಸು ಏನು?’ ಅಂತ ಒಂದು ಪ್ರಶ್ನೆ, ‘ನಿಮ್ಮ ಕರೆ ಏನು?’ ಅಂತ ಇನ್ನೊಂದು, ಅಂದರೆ ದೇವರು ನಿಮ್ಮನ್ನು ಯಾವ ಕೆಲಸಕ್ಕೆ ಕರೆದಿದ್ದಾನೆ ಅಂತ. ಉತ್ತರ ಬರೆಯಲು ಮೂರು ಮೂರು ಗೆರೆ ಜಾಗ. ದೇವರು ಏನು ಕನಸು ಕೊಟ್ಟರೂ ಮೂರು ಗೆರೆಯೊಳಗೆ ಕೊಡಬೇಕು ಅನ್ನುವುದು ಈಗಿನ ಪಾಸ್ಟರ್ ಅಯ್ಯನ ಅಭಿಪ್ರಾಯ ಇರಬೇಕು. ನನ್ನ ಹಿಂದಿನ ಬೆಂಚಿನ ಮುದುಕರೊಬ್ಬರು ‘ಮಂಡಿ ನೋವು ವಾಸಿಯಾಗುವುದು’ ಅಂತ ಬರೆದರು. ಯಾವ ಪ್ರಶ್ನೆಗೆ ಬರೆದರೋ ಗೊತ್ತಿಲ್ಲ, ಎರಡಕ್ಕೂ ಹೊಂದುತ್ತದೆ. ನಾನು ಏನೂ ಬರೆಯದೆ ಮನೆಗೆ ತಂದೆ. ನಮ್ಮ ಹಾಲಿನ ಪಾತ್ರೆಗೆ ಮುಚ್ಚಳ ಇಲ್ಲ. ಕಾರ್ಡು ಸರಿಯಾಗಿ ಕೂತಿತು.

ನನಗೆ ಕನಸು ಬೀಳುವುದಿಲ್ಲ. ಇದನ್ನು ನಾನು ಜಂಭಕ್ಕೆ ಹೇಳುತ್ತಿಲ್ಲ, ಕೊರಗಿಗೂ ಅಲ್ಲ. ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಬಸ್ಸಿನಲ್ಲಿ ಕೂತರೆ ಆಗುವುದಿಲ್ಲ, ನನಗೆ ಕನಸು ಇಲ್ಲ, ಅಷ್ಟೆ. ಮಲಗಿದರೆ ಸತ್ತ ಹಾಗೆ ಮಲಗುತ್ತೇನೆ, ಎದ್ದರೆ ಎದ್ದೆ. ಕೆಜಿಎಫ್ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಚಾಂಪಿಯನ್ ರೀಫ್ಸಿನ ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ ನಮ್ಮ ಲೈನು ಮನೆಗಳು ನಡುಗುತ್ತಿದ್ದವು. ಗೂಡಿನಲ್ಲಿಟ್ಟ ಚೊಂಬು ಉರುಳಿ ಬೀಳುತ್ತಿತ್ತು, ಜನ ಬೀದಿಗೆ ಓಡುತ್ತಿದ್ದರು. ಅಮ್ಮ ಬೀದಿಯಲ್ಲಿ ನಿಂತು ಮಕ್ಕಳನ್ನು ಎಣಿಸುವಾಗ ಒಂದು ತಲೆ ಕಡಿಮೆ ಬಂದರೆ ಯಾರದು ಅಂತ ಕೇಳುತ್ತಿರಲಿಲ್ಲ, ನೇರ ಒಳಗೆ ಬಂದು ನನ್ನ ಕಾಲು ಹಿಡಿದು ಎಳೆಯುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲೆ ಎಲ್ಲರೂ ಕೇಳಿದರು, ‘ಕನಸಲ್ಲಿ ಬಂದ್ರಾ, ಏನಾರ ಏಳಿದ್ರಾ?’ ಅಂತ. ಬರಲಿಲ್ಲ. ಬದುಕಿದ್ದಾಗಲೂ ಹೇಳಿದ ಹೊತ್ತಿಗೆ ಬಂದವರಲ್ಲ.

ಕರೆಯ ವಿಷಯಕ್ಕೂ ನನಗೂ ಹಳೆಯ ಜಗಳ. ಏಳೆಂಟು ವರ್ಷದವಳಿದ್ದಾಗ ಸಂಡೇ ಸ್ಕೂಲಿನ ಟೀಚರಮ್ಮ ಒಂದು ಕಥೆ ಹೇಳಿದರು. ದೇವಾಲಯದಲ್ಲಿ ಮಲಗಿದ್ದ ಒಬ್ಬ ಹುಡುಗನನ್ನು ದೇವರು ಹೆಸರು ಹಿಡಿದು ಕರೆಯುತ್ತಾನೆ. ಹುಡುಗ ಎದ್ದು ಹೋಗಿ ಪಕ್ಕದಲ್ಲಿ ಮಲಗಿದ್ದ ಮುದಿ ಯಾಜಕನನ್ನು ‘ಕರೆದಿರಾ?’ ಅಂತ ಕೇಳುತ್ತಾನೆ. ಹಾಗೆ ಮೂರು ಸಲ ಆಗುತ್ತದೆ. ಕಥೆ ನಿಮಗೂ ಗೊತ್ತಿರಬಹುದು. ಅದನ್ನು ಕೇಳಿದ ಮೇಲೆ ನಮ್ಮ ಲೈನಿನ ಮಕ್ಕಳೆಲ್ಲ ದೇವರು ಯಾವಾಗ ಕರೆಯುತ್ತಾನೋ ಅಂತ ಕಿವಿ ನಿಮಿರಿಸಿಕೊಂಡೇ ಇದ್ದೆವು. ಒಂದು ದಿನ ಮಧ್ಯಾಹ್ನ ಯಾರೋ ‘ಕರುಣಾ’ ಅಂದ ಹಾಗಾಯಿತು. ನಮ್ಮಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದ. ಹೋಗಿ ಅಲ್ಲಾಡಿಸಿ, “ನೈನಾ, ಕರೆದ್ಯಾ?” ಅಂದೆ. ಅಪ್ಪನನ್ನು ನಾವು ನೈನಾ ಅನ್ನುತ್ತಿದ್ದೆವು.

“ಇಲ್ಲ ಓಗೇ” ಅಂದ.

ಇನ್ನೊಂದು ಸಲ ಕೇಳಿಸಿತು. ಇನ್ನೊಂದು ಸಲ ಹೋಗಿ ಅಲ್ಲಾಡಿಸಿದೆ. ಕಥೆಯ ಮುದುಕನಿಗೆ ಮೂರನೇ ಸಲಕ್ಕೆ ಇದು ದೇವರ ಕೆಲಸ ಅಂತ ಹೊಳೆಯುತ್ತದೆ. ನಮ್ಮಪ್ಪನಿಗೆ ಎರಡನೇ ಸಲಕ್ಕೇ ಹೊಳೆದು, ಕೆನ್ನೆಯ ಮೇಲೆ ಒಂದು ಬಿಟ್ಟ. ಎಂಟು ಗಂಟೆ ನೆಲದಡಿಯಲ್ಲಿ ಬಂಡೆ ಕೊರೆದು ಬಂದವನ ಕೈ ಅದು. ಮೂರನೇ ಸಲ ಕೇಳಿಸಿತೋ ಇಲ್ಲವೋ ನೆನಪಿಲ್ಲ. ಕೇಳಿಸಿದ್ದರೂ ನಾನು ಆ ಕಡೆ ತಿರುಗುತ್ತಿರಲಿಲ್ಲ. ನನ್ನ ಹತ್ತಿರ ಕೆಲಸ ಇದ್ದರೆ ದೇವರು ಮನೆಗೆ ಬಂದು ಹೇಳಲಿ ಅಂತ ಅವತ್ತೇ ತೀರ್ಮಾನ ಮಾಡಿದೆ. ಅವನು ಬರಲಿಲ್ಲ. ನಾನು ನಾಲ್ಕನೇ ಕ್ಲಾಸು ಮುಗಿಸಿ, ಮದುವೆಯಾಗಿ, ಸೊಪ್ಪು ಮಾರಿಕೊಂಡು ಇದ್ದುಬಿಟ್ಟೆ. ಕ್ಯಾಸಂಬಳ್ಳಿ ಕಡೆಯ ಹೆಂಗಸರು ಮೊದಲ ಬಸ್ಸಿಗೆ ದಂಟು, ಮೆಂತ್ಯ, ಸಬ್ಬಸಿಗೆ ತರುತ್ತಾರೆ, ನಾನು ಅವರಿಂದ ತೆಗೆದುಕೊಂಡು ಮಾರ್ಕೆಟ್ಟಿನ ಬಾಗಿಲಲ್ಲಿ ಕೂರುತ್ತೇನೆ. ಇದಕ್ಕೆ ಕರೆ ಬೇಕಿಲ್ಲ, ಬಸ್ಸು ಸರಿಯಾಗಿ ಬಂದರೆ ಸಾಕು.

ಒಂಬತ್ತು ವರ್ಷದ ಹಿಂದೆ ಹೀಗಿರುವಾಗ ನಮ್ಮ ಚರ್ಚಿಗೆ ಒಬ್ಬ ಹೊಸ ಪಾಸ್ಟರ್ ಬಂದರು. ಅವರ ಜೊತೆ ಪಾಸ್ಟರಮ್ಮ ಬಂದರು. ಪಾಸ್ಟರಮ್ಮನ ಜೊತೆ ಒಂದು ಉದ್ದನೆಯ ನೋಟ್‌ಬುಕ್ಕು ಬಂತು. ಕಂದು ಕಾಗದದ ರಟ್ಟು ಹಾಕಿ, ಮೇಲೆ ‘ದರ್ಶನಗಳು’ ಅಂತ ಬರೆದಿದ್ದರು. ಶುಕ್ರವಾರದ ಹೆಂಗಸರ ಕೂಟದಲ್ಲಿ ಯಾರಿಗೆ ಯಾವ ಕನಸು ಬಿತ್ತು ಅಂತ ಕೇಳಿ, ತಾರೀಕು ಹಾಕಿ, ಅರ್ಥವನ್ನೂ ಬರೆಯುವುದು. ಒಬ್ಬೊಬ್ಬರಿಗೆ ಒಂದೊಂದು ಪುಟ.

ಅದಕ್ಕೆ ಮುಂಚೆ ನಮ್ಮ ಹೆಂಗಸರಿಗೆ ಇಷ್ಟೊಂದು ಕನಸು ಬೀಳುತ್ತಿರಲಿಲ್ಲ. ನೋಟ್‌ಬುಕ್ಕು ಬಂದಮೇಲೆ ಸುರಿಯಲು ಶುರುವಾಯಿತು. ಒಬ್ಬಳಿಗೆ ಹೊಳೆ, ಒಬ್ಬಳಿಗೆ ಬೆಳಕು, ಒಬ್ಬಳಿಗೆ ಬಿಳಿ ಕುದುರೆ. ಕುದುರೆ ನೋಡಿದವಳ ಮಗ ಅದೇ ವಾರ ಸೆಕೆಂಡ್ ಹ್ಯಾಂಡ್ ಬೈಕ್ ತಂದ, ಕನಸು ನೆರವೇರಿತು ಅಂತ ಬರೆದುಕೊಂಡರು. ಒಬ್ಬ ಅಜ್ಜಿಗೆ ದೇವದೂತ ಕಾಣಿಸಿಕೊಂಡು ಮಾತಾಡಿದ. ಯಾವ ಭಾಷೆಯಲ್ಲಿ ಅಂತ ಕೇಳಿದ್ದಕ್ಕೆ ತಮಿಳಲ್ಲಿ ಅಂದಳು. ನಮ್ಮದು ಕನ್ನಡ ಚರ್ಚು. ದೇವದೂತ ತಮಿಳು ಚರ್ಚಿಗೆ ಹೋಗಬೇಕಾದವನು ದಾರಿ ತಪ್ಪಿ ಬಂದನೋ ಏನೋ ಅಂತ ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ಆ ಅಜ್ಜಿಯೇ ಸಿಟ್ಟಾಗಿ, “ಅವನಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರತ್ತೆ ಕಣ್ರೇ, ಕೆಜಿಎಫ್‌ಗೆ ಬರೋನಿಗೆ ಅಷ್ಟೂ ಗೊತ್ತಿರಲ್ವಾ?” ಅಂದಮೇಲೆ ಸುಮ್ಮನಾದರು.

ಗಂಡಸರು ಕೂಟಕ್ಕೆ ಬರುತ್ತಿರಲಿಲ್ಲ, ಕನಸನ್ನು ಕಳಿಸುತ್ತಿದ್ದರು. ಜೇಕಬಣ್ಣ ಅಂತ ಚರ್ಚಿನ ಕಾರ್ಯದರ್ಶಿ. ಕಮಿಟಿ ಚುನಾವಣೆಗೆ ಎರಡು ವಾರ ಇರುವಾಗ ಅವರಿಗೆ ಒಂದು ಖಾಲಿ ಕುರ್ಚಿ ಕಂಡಿತು, ‘ಕೂತ್ಕೋ’ ಅಂತ ಧ್ವನಿ ಆಯಿತು. ದೇವರ ಮಾತು ಮೀರಬಾರದು ಅಂತ ಇನ್ನೂ ಮೂರು ವರ್ಷ ಕೂತರು.

ನನ್ನ ಪುಟ ಮಾತ್ರ ಖಾಲಿ. ಮೊದಮೊದಲು ಯಾರೂ ಕೇಳಲಿಲ್ಲ. ಆಮೇಲೆ ಪಾಸ್ಟರಮ್ಮ ಪುಟ ತಿರುಗಿಸುವಾಗ ಅಲ್ಲಿಗೆ ಬಂದಾಗಲೆಲ್ಲ ಒಂದು ನಿಟ್ಟುಸಿರು ಬಿಡುವುದಕ್ಕೆ ಶುರುಮಾಡಿದರು.

“ಏನಕ್ಕಾ, ಈ ವಾರನಾದ್ರೂ ಏನಾರ ಕಂಡ್ತಾ?”

“ಇಲ್ಲಮ್ಮಾ.”

“ಮಲಗೋ ಮುಂಚೆ ಪ್ರಾರ್ಥನೆ ಮಾಡ್ತೀರಾ?”

“ಮಾಡ್ತೀನಿ. ಆಮೆನ್ ಅನ್ನೋ ಒಳಗೆ ನಿದ್ದೆ ಬಂದಿರತ್ತೆ.”

ಅದೇ ತಪ್ಪು ಅಂತ ಗೊತ್ತಾಯಿತು. ನನ್ನ ಪುಟಕ್ಕಾಗಿ ಮೂರು ಶುಕ್ರವಾರ ಉಪವಾಸ ಪ್ರಾರ್ಥನೆ ಇಡುವುದು ಅಂತ ತೀರ್ಮಾನ ಮಾಡಿದರು. ನನ್ನ ಮನೆಯಲ್ಲೇ. ನೀವು ಉಪವಾಸ ಕೂಟ ನೋಡಿಲ್ಲದಿದ್ದರೆ ಹೇಳುತ್ತೇನೆ: ಬೆಳಿಗ್ಗೆ ಹನ್ನೊಂದಕ್ಕೆ ಕೂತರೆ ಮಧ್ಯಾಹ್ನ ಮೂರರವರೆಗೆ ನೀರೂ ಇಲ್ಲ, ಮೂರಕ್ಕೆ ಉಪವಾಸ ಮುರಿಯುತ್ತಾರೆ. ಬರಿಗೈಯಲ್ಲಿ ಮುರಿಯಲು ಆಗುವುದಿಲ್ಲ. ಉಪವಾಸ ಅವರದು, ಉಪ್ಪಿಟ್ಟು ನನ್ನದು. ನಾಲ್ಕು ಗಂಟೆ ಹಸಿದ ಹೆಂಗಸರು ಹೇಗೆ ತಿನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಗಲೇ. ಎರಡು ಶುಕ್ರವಾರ ಆಯಿತು, ಕನಸು ಬೀಳಲಿಲ್ಲ. ಮೂರನೆಯದರಲ್ಲೂ ಬೀಳದಿದ್ದರೆ ಏಳಕ್ಕೆ ಏರಿಸುವ ಮಾತು ನಡೆದಿತ್ತು.

ನಾನು ಮನಸ್ಸು ಮಾಡಿಬಿಟ್ಟೆ. ಬಿಳಿ ಬಟ್ಟೆ, ಏಣಿ, ಬೆಳಕು, ಇಷ್ಟಿದ್ದರೆ ಕನಸು ಆಗುತ್ತದೆ ಅಂತ ಇಷ್ಟು ದಿನ ಕೇಳಿ ಕೇಳಿ ನನಗೂ ತಿಳಿದಿತ್ತು.

ಆದರೆ ಕಟ್ಟುವುದಕ್ಕೂ ತಲೆ ಬೇಕು. ನನಗೆ ಅದೂ ಇಲ್ಲ. ಆ ಶುಕ್ರವಾರ ಬೆಳಿಗ್ಗೆ ಏನು ಹೇಳುವುದು ಅಂತ ಯೋಚಿಸುತ್ತ, ಚರ್ಚಿನ ಹಿಂದಿನ ನಲ್ಲಿಯಲ್ಲಿ ಉಪ್ಪಿಟ್ಟಿನ ಪಾತ್ರೆ ತೊಳೆಯಲು ಹೋದೆ. ನೀರು ಬರಲಿಲ್ಲ. ತಲೆ ಎತ್ತಿ ನೋಡಿದರೆ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯ ಮೇಲೆ ಬ್ಯೂಲಾ.

ಬ್ಯೂಲಾ ನಮ್ಮ ಪಕ್ಕದ ಮನೆಯ ಸುಗುಣಳ ಮಗಳು. ಆಗ ಹದಿನೆಂಟು, ಪಿಯುಸಿ ಮುಗಿದಿತ್ತು. ಅಪ್ಪ ಇಲ್ಲ. ಸುಗುಣಳ ಅಪ್ಪ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಆಳಕ್ಕೆ ಜನರನ್ನು ಇಳಿಸುವ ದೊಡ್ಡ ಯಂತ್ರದ ರಿಪೇರಿ ಅವರ ಕೈಯಲ್ಲಿತ್ತು. ಆ ತಾತನ ಸ್ಪ್ಯಾನರುಗಳ ಡಬ್ಬಿಯನ್ನು ಈ ಹುಡುಗಿ ಬೊಂಬೆ ಡಬ್ಬಿಯ ಹಾಗೆ ಇಟ್ಟುಕೊಂಡಿದ್ದಳು. ಲೈನಿನಲ್ಲಿ ಯಾರ ಕುಕ್ಕರು, ಯಾರ ಮಿಕ್ಸಿ, ಯಾರ ಬಾಗಿಲ ಚಿಲಕ ಕೆಟ್ಟರೂ ಬ್ಯೂಲಾನೇ. ಅವಳು ರಿಪೇರಿಗೆ ಹತ್ತುವಾಗ ಕಾಲೇಜಿನ ಹಳೆಯ ಬಿಳಿ ಯೂನಿಫಾರ್ಮ್ ಹಾಕಿಕೊಳ್ಳುತ್ತಿದ್ದಳು, ಹಾಳಾದರೂ ಪರವಾಗಿಲ್ಲ ಅಂತ.

“ಏನೇ ಮಾಡ್ತಿದೀಯ ಅಲ್ಲಿ?” ಅಂದೆ.

“ವಾಲ್ವ್ ಕಟ್ಕೊಂಡಿದೆ ಪಾಟಿ. ನೀವು ಕೆಳಗೆ ನಿಲ್ಬೇಡಿ, ಜಾರಿದ್ರೆ ನಿಮ್ಮ ತಲೆ ಮೇಲೇ ಬೀಳೋದು.” ನಮ್ಮ ಕಡೆ ಅಜ್ಜಿಯನ್ನು ಪಾಟಿ ಅನ್ನುವುದೇ ಹೆಚ್ಚು.

ಬಿಳಿ ಬಟ್ಟೆಯ ಹುಡುಗಿ, ಏಣಿ ಮೇಲೆ, ಕೈಯಲ್ಲಿನ ಸ್ಪ್ಯಾನರಿಗೆ ಬಿಸಿಲು ಬಿದ್ದು ಫಳ ಅಂತು. ನನಗೆ ಬೇಕಾದದ್ದೆಲ್ಲ ಅಲ್ಲೇ ಇತ್ತು. ನಾನು ಸೋಮಾರಿ. ಇದನ್ನೇ ಹೇಳಿಬಿಡುತ್ತೇನೆ ಅಂದುಕೊಂಡೆ. ಸ್ಪ್ಯಾನರ್ ಒಂದನ್ನು ಬಿಟ್ಟು, ಯಾಕೆಂದರೆ ಸ್ಪ್ಯಾನರ್ ಇರುವ ಕನಸನ್ನು ಯಾರು ನಂಬುತ್ತಾರೆ?

ನನ್ನ ತಪ್ಪು ಎಲ್ಲಿ ಅಂದರೆ, ಪಕ್ಕದ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಲೈನು ಮನೆಗಳಿಗೆ ನಡುಗೋಡೆ ಒಂದೇ, ಈ ಕಡೆ ಕೆಮ್ಮಿದರೆ ಆ ಕಡೆಯವರು ನೀರು ಕುಡಿಯುತ್ತಾರೆ. ಬ್ಯೂಲಾಗೆ ಬಂಗಾರಪೇಟೆಯ ಐಟಿಐನಲ್ಲಿ ಫಿಟ್ಟರ್ ಕೋರ್ಸಿಗೆ ಸೀಟು ಬಂದಿತ್ತು. ಸೋಮವಾರ ಹತ್ತು ಗಂಟೆಗೆ ಮಾರ್ಕ್ಸ್ ಕಾರ್ಡು ತೆಗೆದುಕೊಂಡು ಹೋಗಿ ಸೇರಬೇಕು. ಹೋಗದಿದ್ದರೆ ಸೀಟು ಮುಂದಿನವರಿಗೆ. ಸುಗುಣಳಿಗೆ ಮಗಳು ಬೈಬಲ್ ಶಾಲೆಗೆ ಹೋಗಿ ದೇವರ ಸೇವಕಿ ಆಗಬೇಕು. ಅದರ ಅರ್ಜಿಯೂ ಮನೆಗೆ ಬಂದಿತ್ತು. ಹದಿನೈದು ದಿನದಿಂದ ತಾಯಿ ಮಗಳು ಗೋಡೆಯ ಆ ಕಡೆ ಇದೇ ಜಗಳ. ‘ದೇವರೇ ಒಂದು ಗುರುತು ತೋರಿಸ್ಲಿ, ಅಂಗೇ ಮಾಡೋಣ’ ಅಂತ ಸುಗುಣ ಹೇಳಿದ್ದನ್ನು ನಾನೇ ಕೇಳಿದ್ದೆ. ಕೇಳಿಯೂ ತಲೆಗೆ ಹೋಗಲಿಲ್ಲ. ನನ್ನ ತಲೆಯಲ್ಲಿ ಆಗ ಉಪ್ಪಿಟ್ಟೇ ತುಂಬಿತ್ತು.

ಹನ್ನೊಂದಕ್ಕೆ ಎಲ್ಲರೂ ಬಂದರು. ಒಂದು ಹಾಡು ಆಯಿತು. ಪಾಸ್ಟರಮ್ಮ ನೋಟ್‌ಬುಕ್ಕು ಬಿಚ್ಚುವ ಮುಂಚೆಯೇ ನಾನು, “ನಂಗೆ ಕಂಡ್ತು” ಅಂದೆ.

ಹಲ್ಲೆಲೂಯಾ ಅಂತ ಒಬ್ಬಳು ಕೂಗಿದಳು. ಪಾಸ್ಟರಮ್ಮ ಪೆನ್ನಿನ ಕ್ಯಾಪು ತೆಗೆದರು. ನಾನು ಹೇಳಿದೆ: ಒಂದು ಹುಡುಗಿ, ಬಿಳೀ ಬಟ್ಟೆ, ಏಣಿ ಹತ್ತುತ್ತಾ ಇದ್ದಾಳೆ.

“ಮುಖ ಕಂಡ್ತಾ?”

“ಬೆನ್ನು ಕಂಡ್ತು. ಎರಡು ಜಡೆ.”

“ಕೈಯಲ್ಲಿ ಏನಾರ ಇತ್ತಾ ಅಕ್ಕಾ?”

ಇಲ್ಲ ಅಂದುಬಿಡಬೇಕಿತ್ತು. ಸುಳ್ಳು ಹೇಳಿ ಅಭ್ಯಾಸ ಇಲ್ಲದವಳು, ಬಾಯಿಗೆ ನಿಜ ಬಂದುಬಿಟ್ಟಿತು. “ಏನೋ ಒಳೀತಾ ಇತ್ತು. ಗೇಣುದ್ದ.”

“ಕತ್ತಿ!” ಅಂದಳು ಮೂಲೆಯಲ್ಲಿದ್ದವಳು. ಕತ್ತಿ ಅಂದರೆ ದೇವರ ವಾಕ್ಯ ಅಂತ ಪಾಸ್ಟರಮ್ಮ ಅರ್ಥ ಬರೆದರು. ದೇವರ ವಾಕ್ಯ ಹಿಡಿದು ಮೇಲೆ ಹತ್ತುವ ಹುಡುಗಿ, ಎರಡು ಜಡೆಯವಳು, ನಮ್ಮ ಚರ್ಚಿನಲ್ಲಿ ಈ ತಿಂಗಳು ಎಲ್ಲಿಗೆ ಹೋಗುವುದು ಅಂತ ತೀರ್ಮಾನವಾಗದೆ ಇರುವವಳು ಎಷ್ಟು ಜನ ಇದ್ದಾರೆ? ಎಲ್ಲರೂ ಒಟ್ಟಿಗೆ ಸುಗುಣಳ ಕಡೆ ತಿರುಗಿದರು. ಸುಗುಣ ಆಗಲೇ ನನ್ನ ಎರಡೂ ಕೈ ಹಿಡಿದುಕೊಂಡು ಅಳುತ್ತಿದ್ದಳು.

“ಕರುಣಮ್ಮಕ್ಕಾ, ಸ್ತೋತ್ರ ಅಕ್ಕಾ, ನಿನ್ನಿಂದ ನಂಗೆ ಗುರುತು ಸಿಕ್ತು ಅಕ್ಕಾ!”

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹೆದರಿಕೆ ಅಂತ ಹೇಳಿದರೆ ಮರ್ಯಾದೆ, ಆದರೆ ಹೆದರಿಕೆ ಅಲ್ಲ. ಹನ್ನೆರಡು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನನ್ನ ಜನ್ಮದಲ್ಲಿ ಸೊಪ್ಪಿನ ಕಟ್ಟು ಚಿಕ್ಕದಾಯಿತು ಅನ್ನುವುದಕ್ಕೆ ಬಿಟ್ಟರೆ ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿರಲಿಲ್ಲ. ಚೆನ್ನಾಗಿತ್ತು. ಅವತ್ತು ಉಪ್ಪಿಟ್ಟೂ ಚೆನ್ನಾಗಿತ್ತು.

ಶನಿವಾರ ನಾನು ಮಾರ್ಕೆಟ್ಟಿನಿಂದ ಬಂದಾಗ ಬ್ಯೂಲಾ ನನ್ನ ಬಾಗಿಲಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಅವಳು ಅಳುವ ಜಾತಿಯಲ್ಲ, ಬಿಚ್ಚಿ ನೋಡುವ ಜಾತಿ.

“ಪಾಟಿ, ನಿನ್ನೆ ಬೆಳಿಗ್ಗೆ ನೀವು ಟ್ಯಾಂಕ್ ಅತ್ರ ನನ್ನ ನೋಡಿದ್ರಲ್ವಾ?”

“ನೋಡ್ದೆ.”

“ನಾನು ಬಿಳಿ ಬಟ್ಟೆ ಆಕಿದ್ದೆ.”

“ಊಂ.”

“ಏಣಿ ಮೇಲಿದ್ದೆ.”

“ಊಂ.”

“ಮತ್ತೆ ಕನಸು ಎಲ್ಲಿಂದ ಬಂತು?”

ಇಂಥವಳನ್ನು ಬೈಬಲ್ ಶಾಲೆಗೆ ಕಳಿಸಿದರೆ ಬೈಬಲ್ ಶಾಲೆಗೇ ಕಷ್ಟ ಅಂತ ಅವತ್ತು ನನಗೆ ಖಾತ್ರಿಯಾಯಿತು. “ಕಣ್ಣು ಬಿಟ್ಕೊಂಡೇ ಕಂಡೆ ಕಣೇ” ಅಂದೆ. “ಉಪ್ಪಿಟ್ಟು ಮಾಡಿ ಮಾಡಿ ಸಾಕಾಗಿತ್ತು.”

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. “ಅಮ್ಮ ನನ್ನ ಮಾರ್ಕ್ಸ್ ಕಾರ್ಡು ಟ್ರಂಕಿಗೆ ಆಕಿ ಬೀಗ ಆಕಿದಾಳೆ. ನಾಳೆ ಚರ್ಚಲ್ಲಿ ಪಾಸ್ಟರಯ್ಯ ನನ್ನನ್ನ ಮುಂದೆ ಕರೆದು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡ್ತಾರಂತೆ. ಆಮೇಲೆ ನಾನು ಎಲ್ಲಿ ಓಗ್ಲಿ ಪಾಟಿ?” ಅಂದಳು. ಆಮೇಲೆ, “ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಇನ್ನೊಂದು ಕನಸು ಕಂಡ್ಬಿಡಿ. ಅದ್ರಲ್ಲಿ ಐಟಿಐ ಬೋರ್ಡು ಕಾಣ್ಲಿ. ದೊಡ್ಡ ಅಕ್ಷರದಲ್ಲಿ.”

“ಅದನ್ನ ಓದಕ್ಕೆ ನಂಗೆ ಅರ್ಧ ಗಂಟೆ ಬೇಕು. ಅಷ್ಟೊತ್ತಿಗೆ ಬೆಳಗಾಗತ್ತೆ.”

ನಕ್ಕಳು. ನಗು ನಿಂತ ಮೇಲೆ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಎರಡನೇ ಕನಸು ಹೇಳುವುದು ಸುಲಭವಾಗಿತ್ತು. ಹೇಳಿದ್ದರೆ ನಂಬುತ್ತಿದ್ದರು ಕೂಡ. ಆದರೆ ಒಂದು ಸಲ ನಂಬಿದರೆ ಪ್ರತಿ ವಾರ ಬರುತ್ತಾರೆ. ಯಾರ ಮಗಳನ್ನು ಯಾರಿಗೆ ಕೊಡುವುದು, ಯಾರ ಎಮ್ಮೆಯನ್ನು ಮಾರುವುದು ಎಲ್ಲಾ ನನ್ನ ತಲೆದಿಂಬಿನ ಹತ್ತಿರ ಬರುತ್ತದೆ. ಜೇಕಬಣ್ಣನ ಕುರ್ಚಿಗೂ ಆಸೆ ಹುಟ್ಟಬಹುದು. ನನ್ನನ್ನು ನಾನು ಬಲ್ಲೆ.

ಭಾನುವಾರ ಬಂತು. ನಮ್ಮಲ್ಲಿ ಪಾಸ್ಟರ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ಹೊತ್ತು ಅಂತ ಇದೆ. ಯಾರು ಬೇಕಾದರೂ ಎದ್ದು ದೇವರು ತಮಗೆ ಮಾಡಿದ್ದನ್ನು ಹೇಳಬಹುದು. ಪಾಪವನ್ನೂ ಹೇಳಬಹುದು, ಆದರೆ ಅದಕ್ಕೊಂದು ಕ್ರಮ ಇದೆ. ಪಾಪ ಹಳೆಯದಾಗಿರಬೇಕು. ‘ಇಪ್ಪತ್ತು ವರ್ಷದ ಹಿಂದೆ ನಾನು ಕುಡಿಯುತ್ತಿದ್ದೆ’ ಅಂದರೆ ಎಲ್ಲರೂ ಸ್ತೋತ್ರ ಅನ್ನುತ್ತಾರೆ. ಮೊನ್ನೆ ಶುಕ್ರವಾರದ ಪಾಪವನ್ನು ಬಿಸಿಬಿಸಿಯಾಗಿ ತಂದು ಯಾರೂ ಬಡಿಸಿದ್ದಿಲ್ಲ.

ನಾನು ಎದ್ದೆ. ಎದ್ದಾಗಲೇ ಎರಡು ಕಡೆಯಿಂದ ಆಮೆನ್ ಬಂತು, ಇನ್ನೊಂದು ಕನಸು ತಂದಿದ್ದಾಳೆ ಅಂತ.

“ನಂಗೆ ಕನಸು ಬಿದ್ದಿಲ್ಲ” ಅಂದೆ. “ಶುಕ್ರವಾರ ಏಳಿದ್ದು ಸುಳ್ಳು. ಬ್ಯೂಲಾ ನಮ್ಮ ಚರ್ಚಿನ ಟ್ಯಾಂಕ್ ರಿಪೇರಿ ಮಾಡ್ತಿದ್ಲು, ಅದನ್ನ ನೋಡಿ ಏಳ್ದೆ. ಕೈಯಲ್ಲಿ ಇದ್ದಿದ್ದು ಕತ್ತಿ ಅಲ್ಲ, ಸ್ಪ್ಯಾನರ್. ನೀವು ಈಗ ಕೈ ಕಾಲು ತೊಳ್ಕೊಂಡು ಒಳಗೆ ಬಂದ್ರಲ್ಲ, ಆ ನೀರು ಬಂದಿದ್ದು ಅದರಿಂದ. ಅಷ್ಟೇ.”

ಹಿಂದಿನ ಬೆಂಚಿನಿಂದ ಯಾರೋ ಅಭ್ಯಾಸಕ್ಕೆ ಸ್ತೋತ್ರ ಅಂದರು.

ಅವರು ನನಗೆ ಬೈಯುತ್ತಾರೆ ಅಂತ ಸಿದ್ಧಳಾಗಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಯಾರೂ ನಂಬಲಿಲ್ಲ. ಸುಳ್ಳನ್ನು ಒಂದು ಮಾತಿಗೆ ನಂಬಿದ ಜನ, ನಿಜಕ್ಕೆ ತಕರಾರು ತೆಗೆದರು. ಜೇಕಬಣ್ಣ ಎದ್ದು ನಿಂತು, ದೊಡ್ಡ ಕೆಲಸ ನಡೆಯುವಾಗ ಸೈತಾನ ಅಡ್ಡ ಬರುತ್ತಾನೆ, ಕರುಣಮ್ಮನ ಬಾಯಲ್ಲಿ ಅವನೇ ಕೂತಿದ್ದಾನೆ ಅಂದರು.

“ಜೇಕಬಣ್ಣಾ, ಕುರ್ಚಿ ಬಿಟ್ಟು ಬಾಯಲ್ಲಿ ಯಾಕೆ ಕೂರ್ತಾನೆ?” ಅಂದುಬಿಟ್ಟೆ. ಹೆಂಗಸರ ಕಡೆಯಿಂದ ಕಿಸಕ್ಕಂತ ಸದ್ದಾಯಿತು. ದೇವಾಲಯದಲ್ಲಿ ಹಾಗೆ ಹೇಳಬಾರದಿತ್ತು, ಆದರೆ ಹೇಳಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ.

ಆಗಿನ ಪಾಸ್ಟರ್ ಅಯ್ಯ ಒಳ್ಳೆಯ ಹುಡುಗ, ಮೂವತ್ತು ಮೂವತ್ತೆರಡು ಇದ್ದಿರಬಹುದು. ಬೆವರು ಒರೆಸಿಕೊಂಡು, “ಅಮ್ಮಾ, ನೀವು ಟ್ಯಾಂಕ್ ಹತ್ತಿರ ನೋಡಿದ್ದೂ ಒಂದು ದರ್ಶನವೇ ಆಗಿರಬಹುದಲ್ಲವೇ?” ಅಂದರು.

“ದರ್ಶನ ಆದ್ರೆ ಇಡೀ ದರ್ಶನ ತಗೊಳ್ಳಿ ಅಯ್ಯ. ಸ್ಪ್ಯಾನರ್ ಸೇರಿಸಿ.”

ಪಾಸ್ಟರಮ್ಮನಿಗೆ ಬೇರೆಯದೇ ಚಿಂತೆ. “ಪೆನ್ನಲ್ಲಿ ಬರೆದುಬಿಟ್ಟಿದ್ದೀನಲ್ಲಾ” ಅಂತ ಮೆಲ್ಲಗೆ ಅಂದರು, ಪಾಪ, ಒಂದು ಸಾಲನ್ನೂ ಹೊಡೆದುಹಾಕಿರದ ನೋಟ್‌ಬುಕ್ಕು ಅದು. ಮುಂದೆ ಬಂದು ನಿಲ್ಲಬೇಕಾಗಿದ್ದ ಬ್ಯೂಲಾ ತಲೆ ಬಗ್ಗಿಸಿ ಕೂತಿದ್ದಳು. ಸುಗುಣ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನನ್ನ ಕಡೆ ನೋಡದೆ ಹೊರಟುಹೋದಳು. ತಲೆ ಮೇಲೆ ಕೈ ಇಡುವ ಪ್ರಾರ್ಥನೆ ಅವತ್ತು ನಡೆಯಲಿಲ್ಲ, ತಾಯಿಯೇ ಇಲ್ಲದ ಮೇಲೆ ಯಾರ ಮಗಳನ್ನು ಯಾರು ಒಪ್ಪಿಸುವುದು?

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಸುಗುಣ ಬಂದಳು. ಬಾಗಿಲಲ್ಲೇ ನಿಂತು, “ಯಾಕಕ್ಕಾ ಅಂಗ್ ಮಾಡ್ದೆ?” ಅಂದಳು.

“ಸುಳ್ಳು ಏಳಿದ್ದಾ, ನಿಜ ಏಳಿದ್ದಾ?”

“ಎರಡೂ!”

ಬಾ, ಕೂತ್ಕೋ, ಅನ್ನ ಇದೆ ಅಂದೆ. ಕೂತಳು, ಅನ್ನ ಬೇಡ ಅಂದಳು. ತಾನೇ ಶುರುಮಾಡಿದಳು. “ನಂಗೆ ಹದಿನೇಳು ವರ್ಷ ಇದ್ದಾಗ ನಾನು ಬೈಬಲ್ ಶಾಲೆಗೆ ಓಗ್ತೀನಿ ಅಂದಿದ್ದೆ. ನಮ್ಮಪ್ಪ ಕಳಿಸ್ಲಿಲ್ಲ. ಎಣ್ಣುಮಗಳು ಊರೂರು ಸುತ್ತೋದು ಬೇಡ ಅಂತ ಮದುವೆ ಮಾಡಿಬಿಟ್ರು. ಅವರು ತೀರ್ಕೊಂಡ್ರು, ಗಂಡನೂ ತೀರ್ಕೊಂಡ್ರು. ಇವಳು ಉಟ್ಟಿದ ದಿನಾನೇ ನಾನು ದೇವರಿಗೆ ಏಳಿದ್ದೆ ಅಕ್ಕಾ. ನಾನು ಆಗ್ಲಿಲ್ಲ, ಇವಳನ್ನ ನಿಂಗೆ ಕೊಡ್ತೀನಿ ಅಂತ. ಮಾತು ಕೊಟ್ಟಿದೀನಿ.”

“ಅವಳನ್ನ ಕೇಳಿದ್ಯಾ?”

“ಒಂದು ದಿನದ ಕೂಸನ್ನ ಏನು ಕೇಳೋದು?”

“ಅದು ಸರಿ. ಈಗ ಕೇಳು.”

ಮೂಗು ಒರೆಸಿಕೊಂಡಳು. ನನಗೆ ಸಮಾಧಾನ ಮಾಡಲು ಬರುವುದಿಲ್ಲ, ಹೆಸರು ಮಾತ್ರ ಕರುಣಮ್ಮ. “ಸುಗುಣಾ, ನಿಂಗೆ ಈಗ ಎಷ್ಟು?” ಅಂದೆ.

“ನಲವತ್ತು.”

“ಅರ್ಜಿಯಲ್ಲಿ ವಯಸ್ಸು ಏನು ಏಳಿದಾರೆ?”

“ಅದೆಲ್ಲಾ ನೋಡಿಲ್ಲ.”

“ನೋಡು. ಓಗ್ಬೇಕು ಅಂತಿದ್ದಿದ್ದು ನೀನು. ನೀನೇ ಓಗು. ದೇವರಿಗೆ ಕೊಡೋದಾದ್ರೆ ನಿಂದನ್ನ ಕೊಡು, ಅವಳದನ್ನ ಯಾಕೆ ಕೊಡ್ತೀಯ?”

“ನಾನಾ? ಈ ವಯಸ್ನಾಗಾ? ಬಿಡಕ್ಕಾ, ಜನ ನಗ್ತಾರೆ.”

“ಅರವತ್ತೆರಡರಾಗೆ ನಾನು ಸುಳ್ಳುಗಾತಿ ಆದೆ. ನಲವತ್ತಕ್ಕೆ ನಿಂಗೇನಾಗಿದೆ?”

ಅವಳಿಗೆ ನಗು ಬಂತು, ಆದರೆ ಕೋಪ ಬಿಡಲು ಮನಸ್ಸಿಲ್ಲ, ಎರಡೂ ಸೇರಿ ಮುಖ ಏನೋ ಆಯಿತು. ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ, “ಆ ಸ್ಪ್ಯಾನರ್ ನಮ್ಮಪ್ಪಂದಾ?” ಅಂದಳು.

“ನಿಮ್ಮಪ್ಪಂದೇ.”

ಹೋದಳು. ಸಂಜೆಗೆ ಮುಂಚೆ ಗೋಡೆಯ ಆ ಕಡೆ ಟ್ರಂಕಿನ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಸುಗುಣ ಮತ್ತೆ ಬಂದು ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಮಡಿಲಿಗೆ ಹಾಕಿದಳು. ಒಳಗೆ ಮಾರ್ಕ್ಸ್ ಕಾರ್ಡು, ಐಟಿಐ ಕಾಗದ, ತಾಯಿಯ ಜಾಗದಲ್ಲಿ ಅವಳ ಸಹಿ.

“ಸೈನ್ ಆಕಿದೀನಿ. ನಾನು ಬರಲ್ಲ. ನಂಗೆ ಇನ್ನೂ ಒಟ್ಟೆ ಉರೀತಾ ಇದೆ. ಸುಳ್ಳು ಏಳಿದೋಳು ನೀನು, ನೀನೇ ಕರ್ಕೊಂಡೋಗು.”

ಮರುದಿನ ಬೆಳಿಗ್ಗೆ ಸೊಪ್ಪಿಗೆ ಹೋಗಲಿಲ್ಲ. ಒಗೆದ ಸೀರೆ ಉಟ್ಟು, ಬ್ಯೂಲಾಳ ಜೊತೆ ಚಾಂಪಿಯನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಮೊಣಕೈ ತಿಂದುಕೊಂಡು ಬಂಗಾರಪೇಟೆಯಲ್ಲಿ ಇಳಿದೆವು. ಫಿಟ್ಟರ್ ಸಾಲಿನಲ್ಲಿ ನಿಂತೆವು. ಸಾಲಿನಲ್ಲಿ ಇವಳೊಬ್ಬಳೇ ಹುಡುಗಿ, ನಾನೊಬ್ಬಳೇ ಮುದುಕಿ. ಮೇಜಿನ ಹಿಂದಿದ್ದವನು ತಲೆ ಎತ್ತದೆ, “ಹೊಲಿಗೆ ಕೋರ್ಸು ಆ ಕಡೆ ಸಾಲಮ್ಮಾ” ಅಂದ.

“ಒಲಿಗೆ ಇವಳಿಗೂ ಬರಲ್ಲ, ನಂಗೂ ಬರಲ್ಲ. ಫಿಟ್ಟರ್ ಬರ್ಕೋಪ್ಪಾ” ಅಂದೆ.

ಆಗ ತಲೆ ಎತ್ತಿದ. ಕಾಗದಗಳನ್ನು ತಿರುಗಿಸಿ ನೋಡಿದ, ಬರೆದುಕೊಂಡ, ಸೀಲು ಹೊಡೆದ. ಜೊತೆಗೆ ಬಂದವರ ಸಹಿ ಬೇಕು ಅಂದ. “ನೀವು ಏನಾಗಬೇಕು? ಅಜ್ಜಿನಾ?”

“ಅಲ್ಲ. ಪಕ್ಕದ ಮನೆ.”

“ಪಕ್ಕದ ಮನೆಗೆ ಇಲ್ಲಿ ಜಾಗ ಇಲ್ಲಮ್ಮಾ. ಅಜ್ಜಿ ಅಂತಲೇ ಹಾಕಿಬಿಡ್ತೀನಿ, ಯಾರು ಕೇಳ್ತಾರೆ?”

ಬ್ಯೂಲಾ ನನ್ನ ಸೆರಗು ಎಳೆದಳು, ಹೂಂ ಅಂದುಬಿಡಿ ಅಂತ. ಹಿಂದೆ ನಿಂತವರು ಗೊಣಗುತ್ತಿದ್ದರು. ಹೂಂ ಅನ್ನುವುದು ಎಷ್ಟು ಹೊತ್ತಿನ ಕೆಲಸ?

“ಬೇಡಪ್ಪಾ” ಅಂದೆ. “ಪಕ್ಕದ ಮನೆಯೋಳು ಅಂತಲೇ ಬರಿ.”

ಕಾಗದದ ಅಂಚಿನಲ್ಲಿ ಸಣ್ಣದಾಗಿ ಬರೆದ. ಅದರ ಪಕ್ಕದಲ್ಲಿ ನಾನು ನನ್ನ ಹೆಸರಿನ ನಾಲ್ಕು ಅಕ್ಷರ ಒಂದೊಂದಾಗಿ ಬರೆದು, ಪೆನ್ನು ವಾಪಸ್ ಕೊಟ್ಟೆ.